ಎಂಬತ್ತಕ್ಕೆ ಸಾಕು

ನಮ್ಮ ತಿರುವಿಗೆ ಹೆಸರಿರಲಿಲ್ಲ.
ಬಸ್ಸಿನ ಹುಡುಗರು ವಾಂತಿ ತಿರುವು ಎನ್ನುತ್ತಿದ್ದರು,
ಸಿಂಧುಲಿಯಿಂದ ಏರಿ ಬಂದವರ ಹೊಟ್ಟೆ
ಸರಿಯಾಗಿ ಇಲ್ಲಿಗೇ ತೊಳಸುತ್ತಿತ್ತು.
ಈಗ ಎಲ್ಲರ ಫೋನಿನಲ್ಲೂ ಒಂದು ಹಸಿರು ಚುಕ್ಕಿ,
ಅದರ ಕೆಳಗೆ ನಾನು:
ಸುನ್‌ಮಾಯಾ ಪಾಖ್ರಿನ್. ಒಂದು ಗನ್ನು. ಊಟ ಉಂಟು.

ಗನ್ನು ಅಂದದ್ದಕ್ಕೆ ಅಮ್ಮ ಬೆಚ್ಚಿದ್ದಳು.
ಆ ವರ್ಷಗಳಲ್ಲಿ ಕಾಡಿನಿಂದ ಬಂದವರಿಗೂ
ಅವರನ್ನು ಹುಡುಕಿ ಬಂದವರಿಗೂ
ಒಂದೇ ಪಾತ್ರೆಯ ಅನ್ನ ಬಡಿಸಿದವಳು.
ಇದು ಕರೆಂಟಿನದಮ್ಮಾ ಎಂದು ಮುಟ್ಟಿಸಿದೆ.
ಎಮ್ಮೆಯ ಕೆಚ್ಚಲು ನೋಡುವಂತೆ ಮುಟ್ಟಿ ನೋಡಿ
‘ತಣ್ಣಗಿದೆ’ ಎಂದಳು.

ಡೀಸೆಲ್ಲಿನ ಕಾಲದಲ್ಲಿ ಹತ್ತೇ ನಿಮಿಷ,
ಹಾರ್ನು ಹೊಡೆದರೆ ತುತ್ತು ತಟ್ಟೆಯಲ್ಲೇ.
ಈಗ ಬಂದವರು ನಲವತ್ತು ನಿಮಿಷ ನನ್ನವರು.
ಗಡಿಯಾರ ನೋಡುವುದು ಬಿಟ್ಟಿದ್ದೇನೆ.
ಮೂವತ್ತು ಪರ್ಸೆಂಟಿಗೆ ಬೇಳೆ ಬೆಂದಿರುತ್ತದೆ,
ಐವತ್ತಕ್ಕೆ ಸೊಪ್ಪು ಬಾಡಿರುತ್ತದೆ,
ಅರವತ್ತಾಗುವಷ್ಟರಲ್ಲಿ ಗುರುತಿಲ್ಲದ ಇಬ್ಬರು
ಯಾರ ಸೋದರಮಾವ ಯಾವ ಹಳ್ಳಿಯೆಂದು ಕೆದಕಿ
ಹೇಗೋ ನೆಂಟಸ್ತಿಕೆ ಹಚ್ಚಿಕೊಂಡಿರುತ್ತಾರೆ.

ಅಪ್ಪ ಇದೇ ಗುಡ್ಡದಲ್ಲಿ ಹೊರೆ ಹೊತ್ತವನು.
ಹಣೆಗೆ ಪಟ್ಟಿ, ಬೆನ್ನಿಗೆ ಬುಟ್ಟಿ.
ಉಪ್ಪು, ಸೀಮೆಎಣ್ಣೆ, ಒಮ್ಮೆ
ಸಾಹುಕಾರನೊಬ್ಬನ ಕಬ್ಬಿಣದ ಬೀರು.
‘ಹೊತ್ತವನಿಗೆ ಏರು ಶತ್ರುವಲ್ಲ ಮಗಾ,
ಇಳಿಸಲು ಜಾಗವಿಲ್ಲದ ದಾರಿ ಶತ್ರು.’
ಅದಕ್ಕೇ ಹಿಂದಿನವರು ಚೌತಾರಿ ಕಟ್ಟಿಸಿದರು:
ಒಂದು ಆಲ, ಒಂದು ಅರಳಿ,
ನಡುವೆ ಸೊಂಟದೆತ್ತರಕ್ಕೆ ಹೊರೆಗಲ್ಲು.
ಯಾರ ಕೈಯ ಹಂಗೂ ಬೇಡ,
ತಾನೇ ಇಳಿಸಿ ತಾನೇ ಎತ್ತಿಕೊಳ್ಳಬಹುದು.
ಎಷ್ಟು ದೂರಕ್ಕೊಂದು ಅಪ್ಪಾ?
‘ಉಸಿರು ಬರುವಷ್ಟು ದೂರಕ್ಕೆ.’

ಕಂಬ ನೆಡಲು ಬಂದ ಇಂಜಿನಿಯರನಿಗೂ ಇದನ್ನೇ ಹೇಳಿದೆ.
ಅವನು ನಕ್ಷೆ ಹರಡಿ, ಅರವತ್ತು ಕಿಲೋಮೀಟರಿಗೊಂದು ಎಂದ.
ನಕ್ಷೆ ಚಪ್ಪಟೆಯಾಗಿತ್ತು.

ಮದುವೆಯ ತಿಂಗಳು. ರಾತ್ರಿ ಹನ್ನೊಂದು.
ಚೆಂಡುಹೂ ಸುತ್ತಿದ ಕಾರಿಗೆ ಗನ್ನು ಸಿಕ್ಕಿಸಿತ್ತು, ಎಪ್ಪತ್ತೊಂಬತ್ತು.
ಕೆಳಗಿನಿಂದ ಒಂದು ವ್ಯಾನು,
ಹೀಟರು ಆರಿಸಿ, ಕಂಬಳಿ ಹೊದ್ದ ಹನ್ನೊಂದು ಜನ,
ತೆವಳಿಕೊಂಡು ಬಂದು ನಿಂತಿತು. ಮೂರು ಪರ್ಸೆಂಟು.
ಡ್ರೈವರು ದಿಲ್‌ಬಹಾದುರ್ ಆಲೆ ಮಾತಾಡಲಿಲ್ಲ,
ಹಿಂದಿನ ಸೀಟು ತೋರಿಸಿದ:
ಪುಸ್ತಕ ತೊಡೆಯ ಮೇಲಿಟ್ಟು ಕೂತ ಹುಡುಗಿ,
ಬೆಳಿಗ್ಗೆ ಹತ್ತಕ್ಕೆ ಕಠ್ಮಂಡುವಿನಲ್ಲಿ ಸರ್ಕಾರಿ ಪರೀಕ್ಷೆ.

ವರನ ಮಾವ ಕದಲಲಿಲ್ಲ.
‘ದುಡ್ಡು ಕೊಟ್ಟಿದ್ದೇನೆ, ನೂರಾಗಲಿ.
ಶುಭಕಾರ್ಯದಲ್ಲಿ ಅರೆಕೊರೆ ಕೂಡದು.’
ಎಂಬತ್ತರ ಮೇಲೆ ಕರೆಂಟು ಮುದುಕಿಯಂತೆ ಸ್ವಾಮಿ,
ಮೆಟ್ಟಿಲಿಗೊಮ್ಮೆ ಕೂರುತ್ತದೆ,
ಇನ್ನಿಪ್ಪತ್ತಕ್ಕೆ ಇನ್ನೊಂದು ಗಂಟೆ ಎಂದೆ.
‘ಕೂರಲಿ’ ಎಂದ.

ಆಗ ಕಾರಿನ ಬಾಗಿಲು ತೆರೆಯಿತು.
ಅತ್ತು ಅತ್ತು ಮೂಗು ಕೆಂಪಾದ ಹೊಸ ಹೆಣ್ಣು
ಸೆರಗು ಬಾಚಿಕೊಂಡು ಇಳಿದಳು.
‘ನಿಮ್ಮೂರು ಇಳಿಜಾರಿನಲ್ಲಲ್ಲವೇ?
ಇಳಿಜಾರಿನಲ್ಲಿ ಗಾಡಿ ತಾನೇ ತುಂಬಿಕೊಳ್ಳುತ್ತದೆ,
ನಮ್ಮಪ್ಪ ಮೈಕ್ರೋಬಸ್ಸು ಓಡಿಸುತ್ತಾರೆ.’
ಗಂಡನ ಮನೆಯವರೆದುರು ಅವಳ ಮೊದಲ ಮಾತು
ಅದೇ ಇರಬೇಕು.
ವರ, ಪಾಪ, ಮಾವನ ಕಡೆ ನೋಡದೆ ಕೀಲಿ ಒತ್ತಿದ.
ಮದರಂಗಿಯ ಕೈ ಗನ್ನು ಎಳೆದು
ನನ್ನ ಕೈಗೆ ಕೊಟ್ಟಿತು. ಆಗ ಮಾತ್ರ ಅದು ಬೆಚ್ಚಗಿತ್ತು.

ಹುಡುಗಿ ಪಾಸಾದಳೋ ಇಲ್ಲವೋ, ಸುದ್ದಿಯಿಲ್ಲ.
ಮಾವ ಫೋನಿನಲ್ಲಿ ನನಗೆ ಒಂದೇ ನಕ್ಷತ್ರ ಕೊಟ್ಟಿದ್ದಾನೆ,
ಬೇಳೆಗೆ ಉಪ್ಪು ಜಾಸ್ತಿಯಂತೆ.

ಎರಡನೇ ಗನ್ನಿಗೆ ಅರ್ಜಿ ಹಾಕಿ ಏಳು ತಿಂಗಳು.
ಟ್ರಾನ್ಸ್‌ಫಾರ್ಮರು ತಾಳದು ಎನ್ನುತ್ತಾರೆ.
ದಿನಕ್ಕೆ ಹದಿನೆಂಟು ಗಂಟೆ ಕತ್ತಲು ತಾಳಿದವರು ನಾವು,
ಕಾಯುವುದು ಬರುತ್ತದೆ.
ಕೆಳಗಿನ ತಿರುವಿನಲ್ಲಿ ಅಪ್ಪನ ಚೌತಾರಿಯಿದೆ,
ರಸ್ತೆ ಅಗಲಿಸುವಾಗ ಆಲ ಹೋಯಿತು, ಅರಳಿ ಉಳಿದಿದೆ.
ಪಕ್ಕದಲ್ಲಿ ಒಂದು ಕಂಬಕ್ಕೆ, ಎರಡು ಕಾರಿಗೆ ಜಾಗ.
ಇಂಜಿನಿಯರನಿಗೆ ಬರೆದು ಕಳಿಸಿದ್ದೇನೆ:
ದೂರ ಸರಿಯಾಗಿದೆ.
ಅಳೆದಿದ್ದೇನೆ,
ಅಕ್ಕಿಮೂಟೆ ಹೊತ್ತು.